ಲಾಕಪ್ ಆಗ್ತಿಲ್ಲ ಅಂದ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ 1980ರ ದಶಕದ ಕೊನೆಯ ಕಾರೊಂದಿದೆ. ಓವರ್‌ಡ್ರೈವ್ (ಹೈವೇಗೆಂದು ಇರುವ ಮೇಲಿನ ಗೇರ್) ಇರುವ 4 ಗೇರಿನ ಆಟೋಮ್ಯಾಟಿಕ್. ಮೊದಲೆಲ್ಲ 80 ಕಿ.ಮೀ. ವೇಗದಲ್ಲಿ ಆರ್‌ಪಿಎಂ 2200ರಿಂದ 1900ಕ್ಕೆ ಇಳಿದು ನಿಲ್ಲುತ್ತಿತ್ತು. ಈಗ ಕೆಲವು ದಿನ ಇಳಿಯುವುದೇ ಇಲ್ಲ. ಕೆಲವು ದಿನ ಇಳಿಯುತ್ತದೆ, ಬಿಡುತ್ತದೆ, ಮತ್ತೆ ಇಳಿಯುತ್ತದೆ. ಇಳಿಯುವಾಗ ಒಂದೆರಡು ಸೆಕೆಂಡ್ ಕಾರು ಗಡಗಡ ನಡುಗುತ್ತದೆ. ನಾಲ್ಕು ತಿಂಗಳ ಹಿಂದೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ್ದೆ. ನಡುಕ ಶುರುವಾಗಿದ್ದು ಆಮೇಲೆಯೇ. ಮೆಕ್ಯಾನಿಕ್ "ಕನ್ವರ್ಟರ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು" ಅಂತಾರೆ. ಬೇರೆ ದಾರಿ ಇಲ್ವಾ?

ಉತ್ತರ: ಇಳಿಸಬೇಕಾಗಿ ಬರಬಹುದು. ಆದರೆ ಇವತ್ತೇ ಬೇಡ. ಆರ್‌ಪಿಎಂ ಹಾಗೆ ಇಳಿದು ನಿಲ್ಲುವುದಕ್ಕೆ ಲಾಕಪ್ ಅನ್ನುತ್ತಾರೆ, ಅಂದರೆ ಕನ್ವರ್ಟರಿನ ಒಳಗಿನ ಒಂದು ಕ್ಲಚ್ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಜೋಡಿಸುವುದು. ನೀವು ಬರೆದಿರುವುದರಲ್ಲೇ ಎರಡು ಸುಳಿವು ಇವೆ. ಅವೆರಡೂ ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೆ ಸರಿಯಾಗಿ ಹೊಂದುವುದಿಲ್ಲ.

ಒಂದು, "ಕೆಲವು ದಿನ ಆಗುತ್ತದೆ, ಕೆಲವು ದಿನ ಇಲ್ಲ" ಅಂದಿದ್ದೀರಿ. ಸವೆದು ಹೋದ ಕ್ಲಚ್ ವಾರ ನೋಡಿ ಕೆಲಸ ಮಾಡುವುದಿಲ್ಲ. ಹೀಗೆ ಬಂದು ಹೋಗುವ ತೊಂದರೆ ಹೆಚ್ಚಾಗಿ ವೈರಿಂಗಿನದ್ದು, ಸ್ವಿಚ್ಚಿನದ್ದು, ಇಲ್ಲವೇ ಸೆನ್ಸಾರಿನದ್ದು. ಎರಡು, ನಡುಕ ಶುರುವಾಗಿದ್ದು ಆಯಿಲ್ ಬದಲಿಸಿದ ಮೇಲೆ. ಹಾಗಾಗಿ ನಿಮ್ಮ ಕಾರಿನಲ್ಲಿ ಒಂದೇ ಕಾಯಿಲೆ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದು ಕೂತಿವೆ ಅನ್ನಿಸುತ್ತದೆ. ಹಳೆಯ ಕಾರುಗಳಲ್ಲಿ ಇದು ಮಾಮೂಲು.

ಮೊದಲು ಒಳಗೆ ನಡೆಯುವುದೇನು ಅಂತ ನೋಡೋಣ. ಇದು ಗೊತ್ತಿದ್ದರೆ ಮುಂದಿನ ಪರೀಕ್ಷೆಗಳು ತಾವಾಗಿಯೇ ಅರ್ಥವಾಗುತ್ತವೆ.

ಟಾರ್ಕ್ ಕನ್ವರ್ಟರ್ ಅಂದರೆ ಆಯಿಲ್ ತುಂಬಿದ ಗುಂಡನೆಯ ಡಬ್ಬ. ಎಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ಎಸೆಯುತ್ತವೆ, ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ಆ ಹೊಡೆತಕ್ಕೆ ತಿರುಗುತ್ತವೆ. ನಡುವೆ ಲೋಹದ ಜೋಡಣೆ ಇಲ್ಲ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿದ ಹಾಗೆ. ಕಾರು ನಿಂತಲ್ಲಿಂದ ಹೊರಡುವಾಗ ಇದು ಬಹಳ ಒಳ್ಳೆಯದು, ಎಂಜಿನ್ನಿನ ಟಾರ್ಕನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಡುತ್ತದೆ. ಆದರೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಸ್ವಲ್ಪ ಜಾರುತ್ತಲೇ ಇರುತ್ತದೆ. ಜಾರಿದ್ದೆಲ್ಲ ಬಿಸಿಯಾಗುತ್ತದೆ, ಪೆಟ್ರೋಲ್ ಸುಮ್ನೆ ಹೋಗುತ್ತದೆ.

ಇದನ್ನು ತಪ್ಪಿಸಲು ಡಬ್ಬದ ಒಳಗೇ ಒಂದು ಕ್ಲಚ್ ಪ್ಲೇಟ್ ಇಟ್ಟರು. ಅದು ಮುಂದಿನ ಗೋಡೆಗೆ ಅಂಟಿದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೆ ತಿರುಗುತ್ತವೆ. ಇದೇ ಲಾಕಪ್. ಉಪಾಯ ಹೊಸದಲ್ಲ, 1949ರ ಪ್ಯಾಕರ್ಡ್ ಕಾರಿನ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲೇ ಇತ್ತು. ಪೆಟ್ರೋಲ್ ಅಗ್ಗವಾಗಿದ್ದ ಕಾಲದಲ್ಲಿ ಯಾರಿಗೂ ಬೇಕಾಗಲಿಲ್ಲ. 1973ರ ತೈಲ ಬಿಕ್ಕಟ್ಟಾದ ಮೇಲೆ ಮತ್ತೆ ನೆನಪಾಯಿತು. ಕ್ರೈಸ್ಲರ್ 1978ರ ಮಾದರಿಗಳಲ್ಲಿ ತಂದಿತು, ಅದರಲ್ಲಿ ಎಲ್ಲವೂ ಆಯಿಲ್ ಒತ್ತಡದ ಮೇಲೆಯೇ ನಡೆಯುತ್ತಿತ್ತು. ಆಮೇಲೆ ಬಂದ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ 700ಆರ್4 ತರಹದ ಗೇರ್‌ಬಾಕ್ಸ್‌ಗಳಲ್ಲಿ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ವಾಲ್ವ್ ಸರಿಸುವ ಕಾಯಿಲ್) ಮತ್ತು ವೈರು ಸೇರಿಕೊಂಡವು. ನಿಮ್ಮ ಕಾರಿನ ಕಾಲ ನೋಡಿದರೆ ನಿಮ್ಮದೂ ಈ ಎರಡನೇ ಗುಂಪಿನದ್ದೇ ಇರಬೇಕು.

ಕ್ಲಚ್ ಅಂಟುವುದು ಹೇಗೆ ಅನ್ನುವುದು ಮುಖ್ಯ. ಲಾಕ್ ಇಲ್ಲದಾಗ ಆಯಿಲ್ ಪ್ಲೇಟಿನ ಮುಂದಿನಿಂದ ಒಳಗೆ ಬಂದು, ಪ್ಲೇಟನ್ನು ಗೋಡೆಯಿಂದ ದೂರ ತಳ್ಳಿ, ಹಿಂದಿನಿಂದ ಹೊರಗೆ ಹೋಗುತ್ತದೆ. ಲಾಕ್ ಆಗಬೇಕಾದಾಗ ಒಂದು ವಾಲ್ವ್ ಈ ಹರಿವನ್ನು ತಿರುಗುಮುರುಗು ಮಾಡುತ್ತದೆ. ಈಗ ಒತ್ತಡ ಪ್ಲೇಟಿನ ಹಿಂದೆ, ಹಾಗಾಗಿ ಪ್ಲೇಟು ಗೋಡೆಗೆ ಒತ್ತಿಕೊಳ್ಳುತ್ತದೆ. ಆ ವಾಲ್ವನ್ನು ಸರಿಸುವುದು ಸೊಲೆನಾಯ್ಡ್. ಸೊಲೆನಾಯ್ಡಿಗೆ ಅಪ್ಪಣೆ ಕೊಡುವುದು ಕಾರಿನ ಕಂಪ್ಯೂಟರ್.

ಅಂದರೆ ಲಾಕಪ್ ತೊಂದರೆ ಎರಡೇ ಬಗೆ. ಅಪ್ಪಣೆ ಬರುತ್ತಿಲ್ಲ, ಇಲ್ಲವೇ ಬಂದ ಅಪ್ಪಣೆಯನ್ನು ಗೇರ್‌ಬಾಕ್ಸ್ ಪಾಲಿಸುತ್ತಿಲ್ಲ. ಇವೆರಡರಲ್ಲಿ ಯಾವುದು ಅಂತ ಗೊತ್ತುಮಾಡಿಕೊಳ್ಳದೆ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಇಳಿಸಿದ ಎಷ್ಟೋ ಗೇರ್‌ಬಾಕ್ಸ್‌ಗಳ ಒಳಗೆ ಕನ್ವರ್ಟರ್ ಚೆನ್ನಾಗಿಯೇ ಇದ್ದಿದ್ದನ್ನು ನೋಡಿದ್ದೇನೆ.

ಒಂದು ಟೆಸ್ಟ್ ಡ್ರೈವ್‌ನಿಂದ ಶುರುಮಾಡಿ. ಎಂಜಿನ್ ಪೂರ್ತಿ ಬಿಸಿಯಾಗಲಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಆರ್‌ಪಿಎಂ ನೋಡುವ ಕೆಲಸ ಅವರಿಗೆ ಕೊಡಿ. ನಿಧಾನವಾಗಿ ವೇಗ ಏರಿಸುತ್ತಾ ಸೂಜಿ ಎಷ್ಟು ಸಲ ಇಳಿಯಿತು ಅಂತ ಎಣಿಸಿ. 4 ಗೇರಿನ ಕಾರಿನಲ್ಲಿ ಗೇರ್ ಬದಲಾವಣೆ ಮೂರು ಸಲ. ಲಾಕಪ್ ನಾಲ್ಕನೆಯದು, ಅದು ಗೇರ್ ಬದಲಾವಣೆಗಿಂತ ಸಣ್ಣ ಇಳಿತ. ಇದನ್ನು ಐದನೇ ಗೇರ್ ಅಂದುಕೊಳ್ಳುವವರು ಬಹಳ ಜನ. ಇನ್ನು ಕೆಲವರು ನಾಲ್ಕನೇ ಗೇರ್ ಬೀಳದೇ ಇದ್ದದ್ದನ್ನೇ ಲಾಕಪ್ ತೊಂದರೆ ಅಂದುಕೊಳ್ಳುತ್ತಾರೆ. ಅದು ಪೂರ್ತಿ ಬೇರೆ ಕಥೆ.

80ರಲ್ಲಿ ಸ್ಥಿರವಾಗಿ ಹೋಗುವಾಗ ಆಕ್ಸಿಲರೇಟರ್ ಅಲುಗಿಸದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬರೀ ಮುಟ್ಟಿ. ಬ್ರೇಕ್ ಲೈಟ್ ಹತ್ತಬೇಕು, ಬ್ರೇಕ್ ಹಿಡಿಯಬಾರದು, ಅಷ್ಟೇ. ಹಿಂದೆ ಯಾವ ಗಾಡಿಯೂ ಇಲ್ಲ ಅಂತ ನೋಡಿಕೊಂಡೇ ಮಾಡಿ. ಬ್ರೇಕ್ ಮುಟ್ಟಿದರೆ ಲಾಕಪ್ ಬಿಡಬೇಕು, ಇಲ್ಲದಿದ್ದರೆ ನಿಲ್ಲಿಸುವಾಗ ಎಂಜಿನ್ ಆಫ್ ಆಗಿಬಿಡುತ್ತದೆ. ಹಾಗಾಗಿ ಮುಟ್ಟಿದಾಗ ಆರ್‌ಪಿಎಂ 200ರಿಂದ 400 ಏರಿದರೆ ಅಲ್ಲಿಯವರೆಗೆ ಲಾಕ್ ಇತ್ತು ಅಂತ ಅರ್ಥ. ಏರದೇ ಇದ್ದರೆ ಲಾಕ್ ಆಗಿರಲೇ ಇಲ್ಲ.

ಇನ್ನೊಂದು ವಿಷಯ ಬರೆದಿಟ್ಟುಕೊಳ್ಳಿ: ಯಾವ ಹೊತ್ತಿನಲ್ಲಿ ಆಗುತ್ತದೆ, ಯಾವ ಹೊತ್ತಿನಲ್ಲಿ ಇಲ್ಲ? ಹೊರಟ ಸ್ವಲ್ಪ ಹೊತ್ತಿಗೆ ಸರಿ ಇದ್ದು, ಒಂದು ಗಂಟೆ ಓಡಿಸಿದ ಮೇಲೆ ಕೈಕೊಟ್ಟರೆ ಆಯಿಲ್ ತೆಳುವಾಗಿ ಎಲ್ಲೋ ಒತ್ತಡ ಸೋರುತ್ತಿರಬಹುದು, ಅಥವಾ ಸೊಲೆನಾಯ್ಡ್ ಕಾಯಿಲ್ ಬಿಸಿಗೆ ತುಂಡಾಗುತ್ತಿರಬಹುದು. ತಣ್ಣಗಿನ ದಿನಗಳಲ್ಲಿ ಮಾತ್ರ ಆಗುವುದಿಲ್ಲ ಅಂದರೆ ಗೇರ್‌ಬಾಕ್ಸನ್ನು ಬಿಟ್ಟು ರೇಡಿಯೇಟರ್ ಕಡೆ ನೋಡಿ.

ರೇಡಿಯೇಟರ್ ಯಾಕೆ ಬಂತು ಅಂದರೆ, ಎಂಜಿನ್ ಬಿಸಿಯಾಗುವವರೆಗೆ ಕಂಪ್ಯೂಟರ್ ಲಾಕಪ್ ಕೊಡುವುದೇ ಇಲ್ಲ. ಬಹಳ ಕಾರುಗಳಲ್ಲಿ ಆ ಗಡಿ 55-65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಥರ್ಮೋಸ್ಟಾಟ್ (ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆರೆದುಕೊಂಡೇ ಕೂತುಬಿಟ್ಟರೆ ಹೈವೇಯ ಗಾಳಿಗೆ ಎಂಜಿನ್ ಆ ಗಡಿಯ ಆಚೆ ಈಚೆ ಓಲಾಡುತ್ತದೆ. ಬಿಸಿಲಿರುವ ದಿನ ಲಾಕ್ ಆಗುತ್ತದೆ, ಮಳೆ ಬಂದ ದಿನ ಇಲ್ಲ. ಟೆಂಪರೇಚರ್ ಸೂಜಿ ಎಂದಿಗಿಂತ ಕೆಳಗಿದ್ದರೆ, ಹೀಟರ್ ಗಾಳಿ ಉಗುರುಬೆಚ್ಚಗಿದ್ದರೆ, ಇದನ್ನೇ ಮೊದಲು ಹಿಡಿಯಿರಿ. ಟೆಂಪರೇಚರ್ ಸೆನ್ಸಾರ್ ಕೆಟ್ಟಿದ್ದರೂ ಇದೇ ಆಟ. ಮೀಟರಿನ ಸೂಜಿಗೆ ಒಂದು ಸೆನ್ಸಾರ್, ಕಂಪ್ಯೂಟರಿಗೆ ಇನ್ನೊಂದು ಇರುವುದು ಸಾಮಾನ್ಯ. ಸೂಜಿ ಸರಿ ತೋರಿಸಿತು ಅಂತ ನಂಬಿ ಕೂರಬೇಡಿ.

ಆಮೇಲೆ ಬ್ರೇಕ್ ಸ್ವಿಚ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನೇ ಮೋಸಹೋಗಿದ್ದೇನೆ. ಒಮ್ಮೆ ಒಂದು ಕಾರಿನ ವಾಲ್ವ್ ಬಾಡಿ (ಗೇರ್‌ಬಾಕ್ಸ್ ಒಳಗೆ ವಾಲ್ವ್‌ಗಳಿರುವ ಭಾಗ) ಬಿಚ್ಚಿ, ತೊಳೆದು, ಸೊಲೆನಾಯ್ಡ್ ಹೊಸದು ಹಾಕಿ, ಎರಡು ದಿನ ಕಳೆದೆ. ಲಾಕಪ್ ಬರಲಿಲ್ಲ. ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತಿತ್ತು, ಹಾಗಾಗಿ ಸ್ವಿಚ್ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಸ್ವಿಚ್ಚಿನ ಒಳಗೆ ಎರಡು ಜೊತೆ ಕಾಂಟ್ಯಾಕ್ಟ್ ಇದ್ದವು. ಒಂದು ಲೈಟಿಗೆ, ಪೆಡಲ್ ಒತ್ತಿದರೆ ಸೇರುವುದು. ಇನ್ನೊಂದು ಲಾಕಪ್ಪಿಗೆ, ಪೆಡಲ್ ಒತ್ತಿದರೆ ಬಿಡುವುದು. ಸುಟ್ಟಿದ್ದು ಎರಡನೆಯದು. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಆಯಿಲಿನಲ್ಲಿ ಕೈ ಅದ್ದಿಕೊಂಡು ಕೂತಿದ್ದೆ.

ಹಾಗಾಗಿ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಹಿಡಿದು ಆ ಎರಡನೇ ಜೊತೆಯನ್ನು ನೋಡಿ. ಪೆಡಲ್ ಬಿಟ್ಟಾಗ ಒಂದು ಕಡೆ 12 ವೋಲ್ಟ್ ಇದ್ದರೆ ಇನ್ನೊಂದು ಕಡೆಯೂ 12 ಇರಬೇಕು. ಪೆಡಲನ್ನು ಬೆರಳಿನಿಂದ ಅಲ್ಲಾಡಿಸಿಯೂ ನೋಡಿ. ಸ್ವಿಚ್ ಜಾಗ ಸ್ವಲ್ಪ ತಪ್ಪಿದ್ದರೆ ರಸ್ತೆಯ ಕುಲುಕಾಟಕ್ಕೇ ಕಾಂಟ್ಯಾಕ್ಟ್ ಬಿಟ್ಟು ಬಿಟ್ಟು ಸೇರುತ್ತದೆ. ನೀವು ಹೇಳಿದ "ಇಳಿಯುತ್ತದೆ, ಬಿಡುತ್ತದೆ, ಮತ್ತೆ ಇಳಿಯುತ್ತದೆ" ಇಲ್ಲಿಂದಲೇ ಬಂದಿರಬಹುದು.

ಬ್ರೇಕ್ ಸ್ವಿಚ್ ಸರಿ ಇದ್ದರೆ ಥ್ರಾಟಲ್ ಸೆನ್ಸಾರ್. ಆಕ್ಸಿಲರೇಟರ್ ಎಷ್ಟು ಒತ್ತಿದೆ ಅಂತ ಕಂಪ್ಯೂಟರಿಗೆ ತಿಳಿಸುವುದು ಇದೇ. ಪೆಡಲ್ ಪೂರ್ತಿ ಬಿಟ್ಟಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ಒತ್ತಿದಾಗ ಸುಮಾರು ನಾಲ್ಕೂವರೆ. ಎರಡು ತುದಿ ಸರಿ ಇದ್ದರೆ ಸಾಲದು. ಇದರೊಳಗೆ ಒಂದು ಪಟ್ಟಿಯ ಮೇಲೆ ಸಣ್ಣ ಬ್ರಷ್ ಉಜ್ಜುತ್ತಾ ಓಡಾಡುತ್ತದೆ. ವರ್ಷಗಟ್ಟಲೆ ನಿಮ್ಮ ಕಾಲು ಇದ್ದಿದ್ದು ಎಲ್ಲಿ? ಹೈವೇ ವೇಗದ ಆ ಒಂದೇ ಜಾಗದಲ್ಲಿ, ಅಲ್ವಾ? ಪಟ್ಟಿ ಸವೆಯುವುದೂ ಅಲ್ಲೇ. ಅಲ್ಲಿ ವೋಲ್ಟೇಜ್ ಹಾರಿದರೆ ಕಂಪ್ಯೂಟರ್ "ಇವರು ಕಾಲು ತೆಗೆದರು" ಅಂದುಕೊಂಡು ಲಾಕ್ ಬಿಡುತ್ತದೆ. ಇದನ್ನು ಹಿಡಿಯಲು ಸೂಜಿ ಇರುವ ಹಳೆಯ ಮೀಟರೇ ಒಳ್ಳೆಯದು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಆಫ್ ಇಟ್ಟು, ಪೆಡಲನ್ನು ತೀರಾ ನಿಧಾನವಾಗಿ ಒತ್ತಿ. ಸೂಜಿ ಒಂದೇ ಸಮನೆ ಏರಬೇಕು. ಎಲ್ಲಾದರೂ ಜಿಗಿದರೆ ಸೆನ್ಸಾರ್ ಬದಲಿಸಿ.

ಯಾರೂ ಅನುಮಾನ ಪಡದ ಇನ್ನೊಂದು ಭಾಗ ಆಲ್ಟರ್ನೇಟರ್. ಅದರ ಒಳಗಿನ ಡಯೋಡ್ ಒಂದು ಹೋದರೂ ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ, ಆದರೆ ವೈರಿಂಗಿನ ಉದ್ದಕ್ಕೂ ಎಸಿ ಕರೆಂಟಿನ ಗಲಾಟೆ ಸೇರಿಕೊಳ್ಳುತ್ತದೆ. ಆ ಗಲಾಟೆಯಲ್ಲಿ ಕಂಪ್ಯೂಟರಿಗೆ ಸೆನ್ಸಾರ್‌ಗಳ ಮಾತು ಸರಿಯಾಗಿ ಕೇಳಿಸುವುದಿಲ್ಲ, ಲಾಕಪ್ ಹಾಕುವುದು ಬಿಡುವುದು ಮಾಡುತ್ತದೆ. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆಲ್ಟರ್ನೇಟರನ್ನು ನೋಡಿಸಿ.

ಈಗ ಅಪ್ಪಣೆ ಬರುತ್ತಿದೆಯಾ ಅಂತ ನೇರವಾಗಿ ನೋಡುವ ಪರೀಕ್ಷೆ. ಇಡೀ ಉತ್ತರದಲ್ಲಿ ಇದೊಂದನ್ನು ಮಾಡಿದರೂ ಸಾಕು. ಬಹಳ ಹಳೆಯ ಕಾರುಗಳಲ್ಲಿ 12 ವೋಲ್ಟ್ ಫ್ಯೂಸಿನಿಂದ ಬ್ರೇಕ್ ಸ್ವಿಚ್ ಮೂಲಕ ಸೊಲೆನಾಯ್ಡಿಗೆ ಬರುತ್ತದೆ. ಕಂಪ್ಯೂಟರ್ ಮಾಡುವುದು ಇನ್ನೊಂದು ತುದಿಯನ್ನು ಅರ್ತ್ ಮಾಡುವುದಷ್ಟೇ. ಆ ಅರ್ತ್ ತುದಿಯ ವೈರಿಗೆ ಮೀಟರ್ ಸೇರಿಸಿ, ವೈರನ್ನು ಒಳಗೆ ಎಳೆದುಕೊಂಡು, ಮತ್ತೆ ಟೆಸ್ಟ್ ಡ್ರೈವ್ ಹೋಗಿ. ಮೀಟರ್ ನೋಡುವವರು ಪಕ್ಕದಲ್ಲಿ ಕೂತವರೇ ಆಗಿರಲಿ. 1980ರ ದಶಕದ ಬಹಳ ಜಿಎಂ ಕಾರುಗಳಲ್ಲಿ ಇದಕ್ಕೆಂದೇ ಡಯಾಗ್ನಾಸ್ಟಿಕ್ ಸಾಕೆಟ್ಟಿನಲ್ಲಿ "ಎಫ್" ಅನ್ನುವ ಪಿನ್ ಕೊಟ್ಟಿದ್ದರು, ಕಾರಿನ ಅಡಿ ಹೋಗುವ ಕೆಲಸವೇ ಇರಲಿಲ್ಲ. ನಿಮ್ಮ ಕಾರಿನ ವೈರಿಂಗ್ ಚಿತ್ರ ನೋಡದೆ ಮಾತ್ರ ಶುರುಮಾಡಬೇಡಿ. ಕೆಲವು ಕಾರುಗಳಲ್ಲಿ 12 ವೋಲ್ಟ್ ಕೊಡುವುದೇ ಕಂಪ್ಯೂಟರ್, ಅರ್ತ್ ಗೇರ್‌ಬಾಕ್ಸಿನ ಮೈ. ಅಲ್ಲಿ ಲೆಕ್ಕ ಉಲ್ಟಾ.

ಲಾಕ್ ಇಲ್ಲದಾಗ 12 ವೋಲ್ಟ್ ಕಂಡರೆ ಫ್ಯೂಸ್, ಬ್ರೇಕ್ ಸ್ವಿಚ್, ಸೊಲೆನಾಯ್ಡ್ ಕಾಯಿಲ್ ಮೂರೂ ಜೋಡಿಸಿಕೊಂಡಿವೆ ಅಂತ ಒಂದೇ ಏಟಿಗೆ ಗೊತ್ತಾಗುತ್ತದೆ. 80ಕ್ಕೆ ಹೋದರೂ 12 ಹಾಗೆಯೇ ಇದ್ದರೆ ಕಂಪ್ಯೂಟರ್ ಅಪ್ಪಣೆಯನ್ನೇ ಕೊಟ್ಟಿಲ್ಲ. ಮೇಲೆ ಹೇಳಿದ ಸೆನ್ಸಾರ್‌ಗಳಿಗೆ ವಾಪಸ್ ಹೋಗಿ, ಗೇರ್‌ಬಾಕ್ಸ್ ತಂಟೆಗೆ ಹೋಗಬೇಡಿ. 12 ಇದ್ದದ್ದು ಸೊನ್ನೆಯ ಹತ್ತಿರಕ್ಕೆ ಬಿದ್ದು, ಆದರೂ ಆರ್‌ಪಿಎಂ ಇಳಿಯಲಿಲ್ಲ ಅಂದರೆ ಅಪ್ಪಣೆ ಬಂದಿದೆ, ಒಳಗೆ ಪಾಲಿಸಿಲ್ಲ. ಆಗ ನಿಮ್ಮ ಮೆಕ್ಯಾನಿಕ್ ಮಾತಿಗೆ ಸ್ವಲ್ಪ ತೂಕ ಬರುತ್ತದೆ. ಸ್ವಲ್ಪ ಮಾತ್ರ, ಯಾಕೆಂದರೆ ಕನ್ವರ್ಟರಿಗೆ ಮೊದಲು ಸೊಲೆನಾಯ್ಡ್ ಮತ್ತು ವಾಲ್ವ್ ಇವೆ.

ಸೊಲೆನಾಯ್ಡ್ ಕಾಯಿಲಿನ ಓಮ್ ಅಳೆಯಿರಿ. ಕಂಪನಿಗೆ ತಕ್ಕಂತೆ ಹೆಚ್ಚುಕಡಿಮೆ 10ರಿಂದ 40ರವರೆಗೆ ಇರುತ್ತದೆ, ನಿಮ್ಮ ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ. ತಣ್ಣಗಿದ್ದಾಗ ಒಮ್ಮೆ, ಓಡಿಸಿ ಬಂದು ಬಿಸಿ ಇರುವಾಗಲೇ ಇನ್ನೊಮ್ಮೆ ಅಳೆಯಬೇಕು. ಹೇಳಿದ್ದಕ್ಕಿಂತ ಬಹಳ ಕಡಿಮೆ ಬಂದರೆ ಕಾಯಿಲ್ ಶಾರ್ಟ್ ಆಗುತ್ತಿದೆ, ಅದು ಕಂಪ್ಯೂಟರಿನ ಒಳಗಿನ ಭಾಗವನ್ನೂ ಸುಡುತ್ತದೆ. ಸುಟ್ಟ ಕಂಪ್ಯೂಟರ್ ಬದಲಿಸಿ ಅದೇ ಸೊಲೆನಾಯ್ಡ್ ಬಿಟ್ಟವರು ಎರಡನೆಯದನ್ನೂ ಸುಟ್ಟುಕೊಂಡಿದ್ದಾರೆ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಸೊಲೆನಾಯ್ಡ್ ಬದಲಿಸಲು ಅಡಿಯ ಪ್ಯಾನ್ ಬಿಚ್ಚಿದರೆ ಸಾಕು.

ಪ್ಯಾನ್ ಬಿಚ್ಚಿದಿರಾ? ಹಾಗಾದರೆ ಮ್ಯಾಗ್ನೆಟ್ ನೋಡಿ. ನುಣುಪಾದ ಬೂದು ಬಣ್ಣದ ಪೇಸ್ಟ್ ಸ್ವಲ್ಪ ಇದ್ದರೆ ಹೆದರಬೇಡಿ, ಇಷ್ಟು ವರ್ಷ ಓಡಿದ ಗೇರ್‌ಬಾಕ್ಸಿನಲ್ಲಿ ಅದು ಇದ್ದೇ ಇರುತ್ತದೆ. ತಳದಲ್ಲಿ ಕಪ್ಪು ಚೂರುಗಳು ರಾಶಿ ಬಿದ್ದಿದ್ದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಲೈನಿಂಗ್ (ಪ್ಲೇಟಿನ ಮೇಲಿನ ಉಜ್ಜುವ ಪದರ) ಕಿತ್ತುಬಂದಿದೆ. ಅಲ್ಲಿಗೆ ಚರ್ಚೆ ಮುಗಿಯಿತು, ಇಳಿಸಿ.

ನಿಮ್ಮ ನಡುಕದ ವಿಷಯಕ್ಕೆ ಬರೋಣ. ಲಾಕಪ್ ಕ್ಲಚ್ ನಯವಾಗಿ ಅಂಟಬೇಕು ಅಂದರೆ ಆಯಿಲಿನಲ್ಲಿ ಅದಕ್ಕೆಂದೇ ಸೇರಿಸಿದ ರಾಸಾಯನಿಕ ಇರಬೇಕು. ಇಲ್ಲದಿದ್ದರೆ ಪ್ಲೇಟು ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗಾದಾಗ ನಿಮಗೆ ಗಡಗಡ ಅನ್ನಿಸುತ್ತದೆ, ಜಲ್ಲಿ ಹಾಸಿದ ರಸ್ತೆ ಹತ್ತಿದ ಹಾಗೆ. ಫೋರ್ಡಿನ ಹಳೆಯ ಟೈಪ್ ಎಫ್ ಆಯಿಲಿನಲ್ಲಿ ಈ ನಯ ಕೊಡುವ ಅಂಶ ಇಲ್ಲ. ಜಿಎಂ ಕಾರುಗಳಿಗೆ ಆ ಕಾಲದಲ್ಲಿ ಹಾಕುತ್ತಿದ್ದ ಡೆಕ್ಸ್‌ರಾನ್ 2ರಲ್ಲಿ ಇದೆ. ಎರಡೂ ನೋಡಲು ಕೆಂಪೇ, ಹಾಗಾಗಿ ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ನಾಲ್ಕು ತಿಂಗಳ ಹಿಂದೆ ಏನು ಹಾಕಿದರು ಅಂತ ಡಬ್ಬದ ಹೆಸರು ಸಹಿತ ಕೇಳಿ, ಮ್ಯಾನ್ಯುಯಲ್ ಹೇಳುವ ಆಯಿಲ್ ಜೊತೆ ಹೋಲಿಸಿ.

ತಪ್ಪು ಆಯಿಲ್ ಆಗಿದ್ದರೆ ಒಂದು ಸಲ ಪ್ಯಾನ್ ಖಾಲಿಮಾಡಿ ತುಂಬಿಸಿದರೆ ಹೋಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಆಯಿಲ್ ಕನ್ವರ್ಟರಿನಲ್ಲೇ ಉಳಿದಿರುತ್ತದೆ. ಖಾಲಿಮಾಡಿ, ತುಂಬಿಸಿ, ಕೆಲವು ದಿನ ಓಡಿಸಿ, ಮತ್ತೆ ಖಾಲಿಮಾಡಿ. ಮೂರು ಸಲವಾದರೂ ಮಾಡಬೇಕು. ಕನ್ವರ್ಟರಿಗೆ ಡ್ರೈನ್ ಪ್ಲಗ್ ಇದ್ದರೆ ನಿಮ್ಮ ಅದೃಷ್ಟ. ನಡುಕ ನಿಲ್ಲಿಸುವ ಸಣ್ಣ ಟ್ಯೂಬಿನ ಔಷಧಿಗಳು ಸಿಗುತ್ತವೆ, ಕೆಲವೊಮ್ಮೆ ಕೆಲಸವನ್ನೂ ಮಾಡುತ್ತವೆ. ನಾನಾದರೆ ಮೊದಲು ಸರಿಯಾದ ಆಯಿಲ್ ಹಾಕಿ ನೋಡುತ್ತೇನೆ. ಲೈನಿಂಗ್ ಆಗಲೇ ಗಾಜಿನ ಹಾಗೆ ನುಣುಪಾಗಿದ್ದರೆ ಎರಡೂ ಬಹಳ ದಿನ ನಿಲ್ಲುವುದಿಲ್ಲ.

ಒಂದು ಎಚ್ಚರ. ಎಂಜಿನ್ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೂಡ ಕಾರನ್ನು ಹೀಗೇ ನಡುಗಿಸುತ್ತದೆ. ಬ್ರೇಕ್ ಮುಟ್ಟಿದಾಗ ನಡುಕ ನಿಂತರೆ ಕನ್ವರ್ಟರಿನದ್ದೇ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ಲಾಕ್ ಇದ್ದಾಗ ಎಂಜಿನ್ನಿನ ಪ್ರತಿ ಕುಲುಕಾಟವೂ ನೇರ ಚಕ್ರಕ್ಕೆ ಹೋಗುತ್ತದೆ, ಬಿಟ್ಟಾಗ ಆಯಿಲ್ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಮಿಸ್‌ಫೈರ್ ಕೂಡ ಬ್ರೇಕ್ ಮುಟ್ಟಿದರೆ ಮಾಯವಾದ ಹಾಗೆ ಕಾಣುತ್ತದೆ. ಲಾಕ್ ಬೀಳುವ ಆ ಒಂದೆರಡು ಸೆಕೆಂಡ್ ಮಾತ್ರ ನಡುಗಿ ನಿಂತರೆ ಕ್ಲಚ್. ಲಾಕ್ ಬಿದ್ದ ಮೇಲೂ ಸಣ್ಣ ಏರು ಬಂದಾಗೆಲ್ಲ ನಡುಗಿದರೆ ಮೊದಲು ಪ್ಲಗ್ ಮತ್ತು ಪ್ಲಗ್ ವೈರ್ ನೋಡಿ. ನಿಮ್ಮ ವಿವರಣೆ ಕ್ಲಚ್ ಕಡೆಗೇ ಬೆರಳು ತೋರಿಸುತ್ತದೆ.

ರಿಪೇರಿ ಆಗುವವರೆಗೆ ಓಡಿಸಬಹುದಾ? ಲಾಕ್ ಆಗದಿದ್ದರೆ ಓಡಿಸಬಹುದು, ಆಯಿಲ್ ಮಾತ್ರ ಜಾಸ್ತಿ ಬಿಸಿಯಾಗುತ್ತದೆ. ಏರು ಹತ್ತುವಾಗ ಓವರ್‌ಡ್ರೈವ್ ತೆಗೆದುಬಿಡಿ, ಟ್ರೇಲರ್ ಎಳೆಯಬೇಡಿ. ನಡುಕದ ಜೊತೆ ಮಾತ್ರ ತಿಂಗಳುಗಟ್ಟಲೆ ಓಡಿಸಬೇಡಿ, ಪ್ರತಿ ನಡುಕವೂ ಲೈನಿಂಗನ್ನು ಕಿತ್ತು ತಿನ್ನುತ್ತದೆ. ಕೆಲವರು ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಹಾಕಿ ಕೈಯಾರೆ ಲಾಕ್ ಮಾಡುತ್ತಾರೆ. ಪರೀಕ್ಷೆಗೆ ಸರಿ, ದಿನಾ ಓಡಿಸಲು ನನಗೆ ಇಷ್ಟವಿಲ್ಲ. ಒಂದು ದಿನ ಆಫ್ ಮಾಡಲು ಮರೆಯುತ್ತೀರಿ. ಬ್ರೇಕ್ ಸ್ವಿಚ್ಚನ್ನೂ ದಾಟಿ ವೈರ್ ಎಳೆದಿದ್ದರೆ ನಿಲ್ಲುವಾಗ ಎಂಜಿನ್ ಜರ್ಕ್ ಹೊಡೆದು ಆಫ್ ಆಗುತ್ತದೆ.

ಇಷ್ಟೆಲ್ಲ ನೋಡಿಯೂ ಅಪ್ಪಣೆ ಬರುತ್ತಿದೆ, ಸೊಲೆನಾಯ್ಡ್ ಹೊಸದು, ಆಯಿಲ್ ಸರಿ, ಆದರೂ ಬಿಸಿಯಾದ ಮೇಲೆ ಲಾಕ್ ಇಲ್ಲ ಅಂದರೆ ಉಳಿದಿರುವುದು ಎರಡು ಮೂರು ಜಾಗ. ಲಾಕಪ್ ವಾಲ್ವ್ ಓಡಾಡುವ ಅಲ್ಯೂಮಿನಿಯಂ ರಂಧ್ರ ಸವೆದಿರಬಹುದು. ಇನ್‌ಪುಟ್ ಶಾಫ್ಟಿನ ತುದಿಯ ಓ-ರಿಂಗ್ ಹರಿದಿರಬಹುದು, 700ಆರ್4ರಲ್ಲಿ ಆ ಪುಟ್ಟ ರಬ್ಬರ್ ಉಂಗುರ ಹೋದರೆ ಲಾಕಪ್ಪಿಗೆ ಒತ್ತಡವೇ ನಿಲ್ಲುವುದಿಲ್ಲ. ಇಲ್ಲವೇ ಕನ್ವರ್ಟರ್ ಒಳಗಿನ ಕ್ಲಚ್ಚೇ ಮುಗಿದಿದೆ. ಆಗ ಇಳಿಸಿ, ಇಳಿಸಿದ ಮೇಲೆ ಮೂರನ್ನೂ ನೋಡಿ. ಬರೀ ಕನ್ವರ್ಟರ್ ಬದಲಿಸಿ ಓ-ರಿಂಗ್ ಹಳೆಯದೇ ಬಿಟ್ಟರೆ ಅದೇ ಕೆಲಸ ಇನ್ನೊಂದು ಸಲ.

ಕನ್ವರ್ಟರನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕತ್ತರಿಸಿ ರಿಪೇರಿ ಮಾಡಿ ಮತ್ತೆ ಬೆಸೆಯುವುದು ಅದಕ್ಕೇ ಮೀಸಲಾದ ವರ್ಕ್‌ಶಾಪಿನ ಕೆಲಸ. ಹಾಗಾಗಿ ಬಿಚ್ಚಿಸಲು ಹೋಗದೆ ರೀಬಿಲ್ಟ್ ಮಾಡಿದ್ದನ್ನೇ ತನ್ನಿ. ಹಳೆಯ ಲೈನಿಂಗ್ ಚೂರುಗಳು ಆಯಿಲ್ ಕೂಲರಿನಲ್ಲಿ ಕೂತಿರುತ್ತವೆ, ಕೂಲರ್ ಮತ್ತು ಪೈಪುಗಳನ್ನು ತೊಳೆಸದೆ ಹೊಸದನ್ನು ಹಾಕಬೇಡಿ. ಹಾಕುವ ಮೊದಲು ಕನ್ವರ್ಟರಿನ ಒಳಗೆ ಒಂದು ಲೀಟರಿನಷ್ಟು ಆಯಿಲ್ ಸುರಿಯಿರಿ. ಶಾಫ್ಟಿನ ಮೇಲೆ ಕೂರಿಸುವಾಗ ತಿರುಗಿಸುತ್ತಾ ಒಳಗೆ ತಳ್ಳಿ. ಅದು ಒಂದೊಂದೇ ಹಂತ ಟಕ್ ಟಕ್ ಅಂತ ಒಳಗೆ ಹೋಗುತ್ತದೆ, ಗೇರ್‌ಬಾಕ್ಸಿನ ಆಯಿಲ್ ಪಂಪಿನ ಕಚ್ಚಿಗೆ ಸಿಕ್ಕುವುದು ಕೊನೆಯದು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸಿದ ಮೇಲೆ ಕನ್ವರ್ಟರ್ ಮತ್ತು ಫ್ಲೆಕ್ಸ್‌ಪ್ಲೇಟ್ (ಎಂಜಿನ್ ಕಡೆಯ ತಿರುಗುವ ತಟ್ಟೆ) ನಡುವೆ 3ರಿಂದ 5 ಮಿ.ಮೀ. ಸಂದು ಇರಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಸಂದು ಇಲ್ಲದಿದ್ದರೆ ಕೊನೆಯ ಹಂತ ಕೂತಿಲ್ಲ. ಬೋಲ್ಟ್ ಬಿಗಿದು ಎಳೆದು ಸರಿಮಾಡಲು ಯಾರಿಗೂ ಬಿಡಬೇಡಿ, ಹಾಗೆ ಮಾಡಿದರೆ ಪಂಪ್ ಒಡೆಯುತ್ತದೆ. ಗೇರ್‌ಬಾಕ್ಸನ್ನು ಹಿಂದಕ್ಕೆ ತೆಗೆದು ಮತ್ತೆ ಕೂರಿಸಿ.